ಟ್ಯಾಬ್ ಕೊಟ್ಟರೆ ಸಾಕೇ? ತರಗತಿಯ ತಂತ್ರಜ್ಞಾನ ಮತ್ತು ಶಿಕ್ಷಕರಿಗೆ ಬೇಕಾದ ನೆರವು

ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದ ಸರ್ಕಾರಿ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಎಂಟನೇ ತರಗತಿಯ ಗಣಿತ ಮತ್ತು ವಿಜ್ಞಾನಕ್ಕೆ, ಅಲ್ಲಿನ ಸಿಲೆಬಸ್ಸಿಗೆ ಸರಿಯಾಗಿ ಹೊಂದುವ ಚಿಕ್ಕ ಚಿಕ್ಕ ವಿಡಿಯೊ ಪಾಠಗಳನ್ನು ಮಾಡಿಸಿದ್ದರು. ಕೆಲವು ಶಾಲೆಗಳಲ್ಲಿ ಅವನ್ನು ಶಿಕ್ಷಕರ ಕೈಗೆ ಕೊಟ್ಟರು. ತರಗತಿಯಲ್ಲಿ ದೊಡ್ಡ ಪರದೆ ಹಾಕಿಸಿದರು, ಒಂದಷ್ಟು ತರಬೇತಿ ಕೊಟ್ಟರು. ಪಾಠ ಮಾಡುವವರು ಶಿಕ್ಷಕರೇ, ವಿಡಿಯೊ ಅವರ ಪಾಠದ ಒಂದು ಭಾಗ ಅಷ್ಟೇ. ಸುಮಾರು ನಾಲ್ಕು ತಿಂಗಳಲ್ಲಿ ಮಕ್ಕಳ ಕಲಿಕೆ ಎದ್ದು ಕಾಣುವಷ್ಟು ಮೇಲೇರಿತು. ಇನ್ನೊಂದು ಕಡೆ ಅದೇ ಬಗೆಯ ಸಾಮಗ್ರಿಯನ್ನು ಟ್ಯಾಬ್‌ಗಳಿಗೆ ತುಂಬಿ ನೇರವಾಗಿ ಮಕ್ಕಳಿಗೆ ಕೊಟ್ಟರು. ಅಲ್ಲಿ ಮಕ್ಕಳು ಟ್ಯಾಬ್ ಸಿಗದ ಶಾಲೆಗಳ ಮಕ್ಕಳಿಗಿಂತಲೂ ಹಿಂದೆ ಬಿದ್ದರು.

2022ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನಾನು ಮೊದಲಿಗೇ ಇಡುತ್ತಿರುವುದಕ್ಕೆ ಕಾರಣವಿದೆ. ತರಗತಿಗೆ ತಂತ್ರಜ್ಞಾನ ಬೇಕೋ ಬೇಡವೋ ಎಂದು ಚರ್ಚೆ ಮಾಡುವವರು ಜಾಸ್ತಿ. ಆದರೆ ಒಂದೇ ಬಗೆಯ ಸಾಮಗ್ರಿ ಒಂದು ಕಡೆ ಲಾಭ ಕೊಟ್ಟು ಇನ್ನೊಂದು ಕಡೆ ನಷ್ಟ ಮಾಡುತ್ತದೆ ಎಂದಾದರೆ, ವ್ಯತ್ಯಾಸ ಸಾಮಗ್ರಿಯಲ್ಲಿಲ್ಲ. ಅದು ಶಿಕ್ಷಕರ ಕೈಯಿಂದ ಹಾದು ಮಕ್ಕಳಿಗೆ ಬಂತೋ, ಅವರನ್ನು ಪಕ್ಕಕ್ಕೆ ಸರಿಸಿ ಬಂತೋ ಎನ್ನುವುದರಲ್ಲಿದೆ. ಹಾಗಿದ್ದರೆ ದುಡ್ಡು, ಸಮಯ, ಗಮನ ಮೂರೂ ಮೊದಲು ಹೋಗಬೇಕಾದದ್ದು ಶಿಕ್ಷಕರ ಕಡೆಗೆ. ಈಗ ಆಗುತ್ತಿರುವುದು ಬಹುಪಾಲು ಇದರ ತದ್ವಿರುದ್ಧ.

ಇದು ಹೊಸ ತಪ್ಪೇನಲ್ಲ. ಶಾಲೆಗಳಲ್ಲಿ ಇನ್ನು ಪುಸ್ತಕಗಳಿಗೆ ಕೆಲಸವಿರುವುದಿಲ್ಲ, ಎಲ್ಲವನ್ನೂ ಚಲನಚಿತ್ರದಿಂದಲೇ ಕಲಿಸಬಹುದು ಎಂದು ಥಾಮಸ್ ಎಡಿಸನ್ 1913ರಲ್ಲೇ ಹೇಳಿದ್ದರು. ಆಮೇಲೆ ರೇಡಿಯೊ ಬಂತು, ಟಿವಿ ಬಂತು, ಕಂಪ್ಯೂಟರ್ ಬಂತು. ಅಮೆರಿಕದ ಶಿಕ್ಷಣ ಇತಿಹಾಸಕಾರ ಲ್ಯಾರಿ ಕ್ಯೂಬನ್ ಈ ಇಡೀ ಸರಣಿಯನ್ನು ಕೂತು ಅಭ್ಯಾಸ ಮಾಡಿದವರು. ಪ್ರತಿ ಸಲವೂ ಅದೇ ಕಥೆ ಎಂದು ಅವರು ತೋರಿಸಿದರು. ಮೊದಲು ದೊಡ್ಡ ಭರವಸೆ, ಆಮೇಲೆ ಖರೀದಿ, ಆಮೇಲೆ ತರಗತಿಯಲ್ಲಿ ಬಳಕೆ ಬಹಳ ಕಡಿಮೆ, ಕೊನೆಗೆ ಶಿಕ್ಷಕರ ಮೇಲೆ ದೂರು.

2005ರಲ್ಲಿ ಅಮೆರಿಕದ ತಂತ್ರಜ್ಞ ನಿಕೊಲಸ್ ನೆಗ್ರೊಪಾಂಟೆ ನೂರು ಡಾಲರ್ ಲ್ಯಾಪ್‌ಟಾಪ್‌ನ ಕನಸನ್ನು ಜಗತ್ತಿನ ಮುಂದಿಟ್ಟರು. ಮಗುವಿಗೆ ಯಂತ್ರ ಸಿಕ್ಕರೆ ಕಲಿಕೆ ತಾನಾಗಿಯೇ ಆಗುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಎಲ್ಲರಿಗಿಂತ ದೊಡ್ಡದಾಗಿ ಇದಕ್ಕೆ ಕೈ ಹಾಕಿದ ದೇಶ ಪೆರು. ಅಲ್ಲಿನ ಹಳ್ಳಿಗಾಡಿನ 319 ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು 2012ರಲ್ಲಿ ಬಂತು. ಸುಮಾರು 15 ತಿಂಗಳ ನಂತರವೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳು ಮುಂದೆ ಹೋಗಿರಲಿಲ್ಲ. ಲ್ಯಾಪ್‌ಟಾಪ್ ಬಳಸುವುದು ಬಂದಿತ್ತು, ನಿಜ. ಆದರೆ ತರಗತಿಯೊಳಗೆ ಪಾಠ ನಡೆಯುವ ರೀತಿ ಬದಲಾಗಿರಲಿಲ್ಲ. ಪಾಠ ಬದಲಾಗದೆ ಕಲಿಕೆ ಹೇಗೆ ಬದಲಾಗುತ್ತದೆ, ಅಲ್ವಾ?

ಆ ನಲವತ್ತು ನಿಮಿಷ

ಆಫೀಸಿನಲ್ಲಿ ಕೂತು ಯೋಜನೆ ಬರೆಯುವವರು ತರಗತಿಯ ಗಡಿಯಾರವನ್ನು ಅಷ್ಟಾಗಿ ನೋಡುವುದಿಲ್ಲ. ಒಂದು ಪೀರಿಯಡ್ ಅಂದರೆ ಸುಮಾರು ನಲವತ್ತು ನಿಮಿಷ. ಮಕ್ಕಳು ಬಂದು ಕೂತು, ಹಾಜರಿ ಆಗುವಷ್ಟರಲ್ಲಿ ಐದು ನಿಮಿಷ ಹೋಗಿರುತ್ತದೆ. ಪ್ರೊಜೆಕ್ಟರ್ ಆನ್ ಮಾಡಬೇಕು. ಕೇಬಲ್ ಸರಿಯಾಗಿ ಕೂರಬೇಕು. ಲ್ಯಾಪ್‌ಟಾಪ್ ಅಪ್‌ಡೇಟ್ ಮಾಡಿಕೊಳ್ಳುತ್ತಾ ಕೂತರೆ ಕಾಯಬೇಕು. ಮಕ್ಕಳ ಕೈಯಲ್ಲಿ ಟ್ಯಾಬ್ ಇದ್ದರೆ ನಾಲ್ಕು ಮಕ್ಕಳಿಗೆ ಪಾಸ್‌ವರ್ಡ್ ಮರೆತಿರುತ್ತದೆ, ಆರು ಟ್ಯಾಬ್‌ಗಳಲ್ಲಿ ಚಾರ್ಜ್ ಇರುವುದಿಲ್ಲ, ಇನ್ನೆರಡರಲ್ಲಿ ಧ್ವನಿ ಬರುವುದಿಲ್ಲ. ಇಷ್ಟನ್ನೂ ಸಂಭಾಳಿಸುತ್ತಿರುವ ಹೊತ್ತಿನಲ್ಲಿ ಉಳಿದ ಮಕ್ಕಳು ಏನು ಮಾಡುತ್ತಿರುತ್ತಾರೆ? ಗಲಾಟೆ. ಗಲಾಟೆ ನಿಲ್ಲಿಸಿ ಮತ್ತೆ ಪಾಠಕ್ಕೆ ಎಳೆದು ತರಲು ಇನ್ನೊಂದಿಷ್ಟು ನಿಮಿಷ.

ಈ ಲೆಕ್ಕ ಪ್ರತಿ ಶಿಕ್ಷಕರ ತಲೆಯಲ್ಲೂ ಸದಾ ನಡೆಯುತ್ತಿರುತ್ತದೆ. ಜೊತೆಗೆ ಇನ್ನೊಂದು ಅಳುಕೂ ಇರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ತರಗತಿಯಲ್ಲಿ ಶಿಕ್ಷಕರ ಹಿಡಿತ ನಿಂತಿರುವುದು ಮಕ್ಕಳ ನಂಬಿಕೆಯ ಮೇಲೆ. ಏನು ಮಾಡುತ್ತಿದ್ದೇನೆ ಎಂದು ಇವರಿಗೆ ಗೊತ್ತಿದೆ ಎಂಬ ನಂಬಿಕೆ ಅದು. ಮಕ್ಕಳೆಲ್ಲ ನೋಡುತ್ತಿರುವಾಗ ಬಟನ್ ಒತ್ತಿ ಏನೂ ಆಗದೆ ನಿಲ್ಲುವುದು, ಮತ್ತೆ ಮತ್ತೆ ಒತ್ತುವುದು, ಕೊನೆಗೆ ಒಬ್ಬ ಹುಡುಗ ಎದ್ದು ಬಂದು ಸರಿ ಮಾಡಿ ಕೊಡುವುದು. ಇದನ್ನು ಕಲಿಕೆಯ ಒಳ್ಳೆಯ ಗಳಿಗೆಯಾಗಿ ತಿರುಗಿಸಿಕೊಳ್ಳುವ ಶಿಕ್ಷಕರೂ ಇದ್ದಾರೆ. ಆದರೆ ಎಲ್ಲರಿಗೂ ಆ ಧೈರ್ಯ ಬರಬೇಕೆಂದರೆ, ತಪ್ಪಾದರೂ ಪರವಾಗಿಲ್ಲ ಎನ್ನುವ ವಾತಾವರಣ ಶಾಲೆಯಲ್ಲಿ ಇರಬೇಕು. ಬಾಗಿಲಲ್ಲಿ ಮೇಲಧಿಕಾರಿ ನಿಂತು ನೋಡುತ್ತಿದ್ದರೆ ಅದು ಬರುವುದಿಲ್ಲ.

ಹಾಗಾಗಿ ಒಬ್ಬ ಟೀಚರ್ ಲ್ಯಾಪ್‌ಟಾಪ್ ಮುಚ್ಚಿಟ್ಟು ಚಾಕ್ ಹಿಡಿದರೆ, ಅದನ್ನು ಹಟ ಅಥವಾ ಸೋಮಾರಿತನ ಎಂದು ಕರೆಯುವುದು ಅನ್ಯಾಯ. ಬಹಳ ಸಲ ಅದು ಇರುವ ಸಮಯದಲ್ಲಿ ಮಕ್ಕಳಿಗೆ ಹೆಚ್ಚು ಕಲಿಸುವ ದಾರಿ ಯಾವುದು ಎಂದು ತೂಗಿ ನೋಡಿ ತೆಗೆದುಕೊಂಡ ತೀರ್ಮಾನ. ಆ ತೀರ್ಮಾನ ಬದಲಾಗಬೇಕು ಎಂದರೆ ತೂಕ ಬದಲಾಗಬೇಕು. ಉಪಕರಣ ಅರ್ಧ ನಿಮಿಷದಲ್ಲಿ ಚಾಲೂ ಆಗಬೇಕು. ಕೆಟ್ಟರೆ ಅದೇ ದಿನ ಬಂದು ನೋಡುವ ಒಬ್ಬ ಮನುಷ್ಯ ಇರಬೇಕು. ನೆಟ್ ಇಲ್ಲದಿದ್ದರೂ ಪಾಠ ನಿಲ್ಲಬಾರದು. ಕೊಲಿಬ್ರಿ, ಕಿವಿಕ್ಸ್‌ನಂತಹ ಉಚಿತ ತಂತ್ರಾಂಶಗಳು ಈ ಕೊನೆಯ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಒಮ್ಮೆ ಸಾಮಗ್ರಿ ತುಂಬಿಸಿಕೊಂಡರೆ ಸಾಕು, ಇಂಟರ್‌ನೆಟ್ ಇಲ್ಲದೆಯೂ ಓದಬಹುದು, ನೋಡಬಹುದು. ಇವುಗಳ ಹೆಸರನ್ನೇ ಕೇಳದ ಶಿಕ್ಷಕರು ತುಂಬಾ ಜನ ಇದ್ದಾರೆ ಎನ್ನುವುದೇ ಬೇಸರದ ಸಂಗತಿ.

ಬೀರುವಿನೊಳಗಿನ ಪುಸ್ತಕಗಳು

ಶಾಲೆಗೆ ಬಂದ ವಸ್ತು ಬೀಗ ಹಾಕಿದ ಬೀರುವಿನಲ್ಲೇ ಉಳಿಯುವುದು ನಮಗೆ ಗೊತ್ತಿರುವ ದೃಶ್ಯ. ಸಿಯೆರಾ ಲಿಯೋನ್ ದೇಶದಲ್ಲಿ ಇದನ್ನು ಅಚ್ಚುಕಟ್ಟಾಗಿ ಅಭ್ಯಾಸ ಮಾಡಿದವರಿದ್ದಾರೆ. ಅಲ್ಲಿ ಸರ್ಕಾರ ಶಾಲೆಗಳಿಗೆ ಪಠ್ಯಪುಸ್ತಕ ತಲುಪಿಸಿತು. ಪುಸ್ತಕಗಳು ಶಾಲೆಯ ತನಕ ಬಂದವು. ಮಕ್ಕಳ ಕೈ ಸೇರಿದ್ದು ಮಾತ್ರ ಕಡಿಮೆ, ದೊಡ್ಡ ಪಾಲು ಕೋಣೆಯಲ್ಲೇ ಉಳಿಯಿತು. ಯಾಕೆ ಎಂದು 2014ರಲ್ಲಿ ಪ್ರಕಟವಾದ ಆ ಅಧ್ಯಯನ ಕೇಳಿತು. ಮುಂದಿನ ವರ್ಷ ಪುಸ್ತಕ ಬರುತ್ತದೆ ಎನ್ನುವ ನಂಬಿಕೆ ಶಾಲೆಗಳಿಗೆ ಇರಲಿಲ್ಲ. ಬಂದದ್ದನ್ನು ಜೋಪಾನ ಮಾಡಿ ಇಟ್ಟರೆ ಮುಂದಕ್ಕೂ ಆದೀತು ಎಂದು ಅವರು ಯೋಚಿಸಿದ್ದರು.

ಯೋಚಿಸಿ ನೋಡಿದರೆ ಇದು ಪೂರ್ತಿ ಬುದ್ಧಿವಂತಿಕೆಯ ನಡೆ. ಪುಸ್ತಕಕ್ಕೇ ಹೀಗಾದರೆ ಟ್ಯಾಬ್‌ಗೆ ಕೇಳಬೇಕೇ? ಒಡೆದರೆ ಯಾರು ಕಟ್ಟಿಕೊಡಬೇಕು, ಕಳೆದರೆ ಯಾರ ಸಂಬಳದಲ್ಲಿ ಕಡಿತ ಎನ್ನುವುದು ಸ್ಪಷ್ಟ ಇಲ್ಲದಿದ್ದರೆ, ಬೀಗ ಹಾಕಿಡುವುದೇ ಮುಖ್ಯ ಶಿಕ್ಷಕರಿಗೆ ಕ್ಷೇಮ. ಲೆಕ್ಕ ತಪಾಸಣೆಗೆ ಬಂದವರು ಎಣಿಸುವುದು ಎಷ್ಟು ಟ್ಯಾಬ್ ಇವೆ ಎಂದು. ಎಷ್ಟು ಟ್ಯಾಬ್ ಬಳಸಿ ಬಳಸಿ ಸವೆದಿವೆ ಎಂದು ಯಾರೂ ಕೇಳುವುದಿಲ್ಲ. ಬಳಕೆಯಲ್ಲಿ ಹಾಳಾಗುವ ಒಂದಷ್ಟು ಪಾಲನ್ನು ಮೊದಲೇ ಖರ್ಚಿನಲ್ಲಿ ಸೇರಿಸಿ, ಅದಕ್ಕೆ ಶಿಕ್ಷಕರು ಹೊಣೆಯಲ್ಲ ಎಂದು ಲಿಖಿತವಾಗಿ ಹೇಳಿದರೆ ಅರ್ಧ ಬೀರುಗಳು ತೆರೆದುಕೊಳ್ಳುತ್ತವೆ ಎಂಬುದು ನನ್ನ ಗಟ್ಟಿ ನಂಬಿಕೆ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಒಂದು ಸುತ್ತೋಲೆ ಸಾಕು.

ತರಬೇತಿ ಮುಗಿದ ಮರುದಿನ

ನೆರವು ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ತರಬೇತಿ. ಶಿಕ್ಷಕರನ್ನು ಒಂದು ಹಾಲ್‌ಗೆ ಕರೆಸಿ, ಎರಡು ದಿನ ಕೂರಿಸಿ, ಆ್ಯಪ್‌ನ ಬಟನ್‌ಗಳನ್ನೆಲ್ಲ ಪರಿಚಯ ಮಾಡಿಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸುವುದು. ಇದರಿಂದ ಏನೂ ಉಪಯೋಗವಿಲ್ಲ ಎಂದು ಹೇಳುವುದಿಲ್ಲ. ಆದರೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ದಾರಿ ಇದೆ, ಅದಕ್ಕೆ ಪುರಾವೆಯೂ ಇದೆ.

ದಕ್ಷಿಣ ಆಫ್ರಿಕಾದ ಪ್ರಾಥಮಿಕ ಶಾಲೆಗಳಲ್ಲಿ ಮನೆಭಾಷೆಯ ಓದು ಕಲಿಸುವ ಶಿಕ್ಷಕರನ್ನು ಎರಡು ಗುಂಪು ಮಾಡಿ ನೋಡಿದರು. ಪಾಠ ಯೋಜನೆ ಒಂದೇ, ಸಾಮಗ್ರಿ ಒಂದೇ. ಒಂದು ಗುಂಪಿಗೆ ಒಂದೇ ಕಡೆ ಸೇರಿಸಿ ತರಬೇತಿ. ಇನ್ನೊಂದು ಗುಂಪಿನ ತರಗತಿಗೆ ಅನುಭವಿ ಮಾರ್ಗದರ್ಶಕರೊಬ್ಬರು ಆಗಾಗ ಬಂದು ಕೂತು, ಪಾಠ ನೋಡಿ, ಮುಗಿದ ಮೇಲೆ ಮಾತಾಡಿ ಹೋಗುತ್ತಿದ್ದರು. ಎರಡು ವರ್ಷದ ಕೊನೆಗೆ ಎರಡನೇ ಗುಂಪಿನ ಮಕ್ಕಳ ಓದಿನಲ್ಲಿ ಕಂಡ ಏರಿಕೆ ಮೊದಲ ಗುಂಪಿನದಕ್ಕಿಂತ ಸುಮಾರು ಎರಡು ಪಟ್ಟು. ಅಮೆರಿಕದ ಮ್ಯಾಥ್ಯೂ ಕ್ರಾಫ್ಟ್ ಮತ್ತು ಜೊತೆಗಾರರು ಇಂತಹ ತರಗತಿ ಮಾರ್ಗದರ್ಶನದ ಬಗ್ಗೆ ನಡೆದ 60 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2018ರಲ್ಲಿ ನೋಡಿದಾಗಲೂ ಪಾಠದ ಗುಣಮಟ್ಟ, ಮಕ್ಕಳ ಕಲಿಕೆ ಎರಡೂ ಸುಧಾರಿಸಿದ್ದು ಕಂಡಿತು. ಆದರೆ ಕಾರ್ಯಕ್ರಮ ದೊಡ್ಡದಾದಷ್ಟೂ ಲಾಭ ಕುಗ್ಗುತ್ತಾ ಹೋಗುತ್ತದೆ ಎಂದೂ ಅವರು ಎಚ್ಚರಿಸಿದರು. ಒಳ್ಳೆಯ ಮಾರ್ಗದರ್ಶಕರು ಬೇಕಾದಷ್ಟು ಸಂಖ್ಯೆಯಲ್ಲಿ ಸಿಗುವುದು ಸುಲಭವಲ್ಲ.

ಪಕ್ಕದಲ್ಲಿ ಒಬ್ಬರು ಇರುವುದರಿಂದ ಇಷ್ಟೊಂದು ವ್ಯತ್ಯಾಸ ಯಾಕೆ ಬರುತ್ತದೆ? ತರಬೇತಿಯ ಹಾಲ್‌ನಲ್ಲಿ ಮಕ್ಕಳಿರುವುದಿಲ್ಲ. ಭಿನ್ನರಾಶಿ ಅರ್ಥವಾಗದೆ ಕಣ್ಣು ಕಣ್ಣು ಬಿಡುವ ಹುಡುಗಿ ಅಲ್ಲಿಲ್ಲ. ಹಿಂದಿನ ಬೆಂಚಿನ ಜಗಳ ಅಲ್ಲಿಲ್ಲ. ಶಿಕ್ಷಕರಿಗೆ ಪ್ರಶ್ನೆಗಳು ಹುಟ್ಟುವುದು ತರಬೇತಿ ಮುಗಿಸಿ ಬಂದ ಮರುದಿನ, ತಮ್ಮದೇ ತರಗತಿಯಲ್ಲಿ. ಆಗ ಉತ್ತರ ಹೇಳುವವರು ಯಾರೂ ಇರುವುದಿಲ್ಲ. ಸುಮ್ನೆ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಬಿಟ್ಟರೆ ಆ ಜಾಗ ತುಂಬುವುದಿಲ್ಲ. ಗುಂಪಿನಲ್ಲಿ ಶುಭಾಶಯ ಮತ್ತು ಆದೇಶಗಳ ನಡುವೆ ನಿಜವಾದ ಪ್ರಶ್ನೆ ಮುಳುಗಿಹೋಗುತ್ತದೆ. ಎಲ್ಲರ ಮುಂದೆ ನನಗೆ ಗೊತ್ತಿಲ್ಲ ಎಂದು ಬರೆಯಲು ಸಂಕೋಚವೂ ಆಗುತ್ತದೆ.

ಮಾರ್ಗದರ್ಶಕರು ತರಗತಿಗೆ ಬರುವ ಬದಲು ಟ್ಯಾಬ್ ಮತ್ತು ಫೋನ್ ಮೂಲಕವೇ ನೆರವು ಕೊಟ್ಟರೆ? ಖರ್ಚು ಉಳಿಯುತ್ತದೆ, ಹೆಚ್ಚು ಶಾಲೆಗಳನ್ನು ತಲುಪಬಹುದು. ದಕ್ಷಿಣ ಆಫ್ರಿಕಾದಲ್ಲೇ ಇದನ್ನೂ ಪರೀಕ್ಷಿಸಿದರು. ಮೊದಲ ವರ್ಷ ಎರಡೂ ವಿಧಾನಗಳು ಹೆಚ್ಚುಕಡಿಮೆ ಸಮ ಎನಿಸಿದವು. ಮೂರು ವರ್ಷ ಕಳೆದ ಮೇಲೆ ಚಿತ್ರ ಬೇರೆಯಾಗಿತ್ತು. ಮಾರ್ಗದರ್ಶಕರು ಖುದ್ದಾಗಿ ಬಂದ ಶಾಲೆಗಳ ಮಕ್ಕಳು ಇಂಗ್ಲಿಷ್ ಮಾತು, ಓದು ಎರಡರಲ್ಲೂ ಮುಂದೆ ಹೋಗಿದ್ದರು. ದೂರದಿಂದ ನೆರವು ಸಿಕ್ಕ ಕಡೆ ಮಾತಿನಲ್ಲಿ ಚಿಕ್ಕ ಲಾಭ ಕಂಡಿತು, ಓದಿನಲ್ಲಿ ಕಾಣಲಿಲ್ಲ. ಮೊದಲ ವರ್ಷದ ಫಲಿತಾಂಶ ನೋಡಿ ಯೋಜನೆ ನಿರ್ಧರಿಸುವವರು ಈ ಕಥೆಯನ್ನು ಮರೆಯಬಾರದು.

ಕೀನ್ಯಾದ ಕಿಸುಮುವಿನಲ್ಲಿ ಇನ್ನೊಂದು ಹೋಲಿಕೆ ನಡೆಯಿತು. ಆರಂಭದ ತರಗತಿಗಳ ಓದು ಸುಧಾರಿಸಲು ಒಂದು ಕಡೆ ಮಾರ್ಗದರ್ಶಕರಿಗೆ ಟ್ಯಾಬ್, ಇನ್ನೊಂದು ಕಡೆ ಶಿಕ್ಷಕರಿಗೆ ಟ್ಯಾಬ್, ಮತ್ತೊಂದು ಕಡೆ ಮಕ್ಕಳಿಗೆ ಇ-ರೀಡರ್, ಅಂದರೆ ಡಿಜಿಟಲ್ ಪುಸ್ತಕ ಓದುವ ಸಾಧನ. 2016ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರೂ ಕಡೆ ಮಕ್ಕಳ ಓದು ಸುಧಾರಿಸಿತ್ತು. ಮೂರರ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಇರಲಿಲ್ಲ. ಅಗ್ಗದ ದಾರಿ ಮಾತ್ರ ಮೊದಲನೆಯದು. ಒಬ್ಬ ಮಾರ್ಗದರ್ಶಕರ ಕೈಯಲ್ಲಿರುವ ಒಂದು ಟ್ಯಾಬ್, ಅವರು ಹೋಗುವ ಎಲ್ಲ ತರಗತಿಗಳಿಗೂ ಕೆಲಸ ಮಾಡುತ್ತದೆ.

ಇಲ್ಲಿ ಇನ್ನೊಂದು ವಿಷಯ ಬಿಡಿಸಿ ಹೇಳಬೇಕು. ತಂತ್ರಜ್ಞಾನ ಗೊತ್ತಿರುವುದು ಬೇರೆ, ಅದರಿಂದ ಕಲಿಸಲು ಗೊತ್ತಿರುವುದು ಬೇರೆ. 1986ರಲ್ಲಿ ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ ಒಂದು ಮಾತು ಹೇಳಿದರು. ವಿಷಯ ಗೊತ್ತಿದ್ದರೆ ಸಾಲದು, ಆ ವಿಷಯವನ್ನು ಮಕ್ಕಳಿಗೆ ಹೇಗೆ ಕಲಿಸಬೇಕು, ಅವರು ಎಲ್ಲಿ ಎಡವುತ್ತಾರೆ ಎಂಬುದು ತನ್ನದೇ ಆದ ಒಂದು ಜ್ಞಾನ ಎಂದು. ಅದಕ್ಕೆ 2006ರಲ್ಲಿ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ತಂತ್ರಜ್ಞಾನವನ್ನು ಜೋಡಿಸಿದರು. ವಿಷಯ, ಬೋಧನೆ, ತಂತ್ರಜ್ಞಾನ ಮೂರೂ ಸೇರುವ ಜಾಗದಲ್ಲಿ ಶಿಕ್ಷಕರ ನಿಜವಾದ ಕೌಶಲ ಇದೆ ಎಂಬುದು ಅವರ ವಾದ. ಮೂರನ್ನೂ ಬಿಡಿ ಬಿಡಿಯಾಗಿ ಕಲಿಸಿದರೆ ಆ ಜಾಗ ಹುಟ್ಟುವುದಿಲ್ಲ.

ಒಂದು ಉದಾಹರಣೆ ನೋಡೋಣ. ವಿದ್ಯುತ್ ಮಂಡಲದ ಪಾಠ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಫೆಟ್ ಯೋಜನೆಯಲ್ಲಿ ಇದಕ್ಕೆ ಒಳ್ಳೆಯ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗ, ಉಚಿತವಾಗಿ ಸಿಗುತ್ತದೆ. ಬ್ಯಾಟರಿ, ತಂತಿ, ಬಲ್ಬ್ ಎಳೆದು ಜೋಡಿಸಬಹುದು. ಇದನ್ನು ಪರದೆ ಮೇಲೆ ಹಾಕಿ ಶಿಕ್ಷಕರೇ ಎಲ್ಲವನ್ನೂ ಜೋಡಿಸಿ ತೋರಿಸಿದರೆ ಮಕ್ಕಳು ನೋಡುತ್ತಾರೆ, ಖುಷಿ ಪಡುತ್ತಾರೆ, ಮರೆಯುತ್ತಾರೆ. ಅದೇ ಶಿಕ್ಷಕರು ಬಟನ್ ಒತ್ತುವ ಮೊದಲು ನಿಂತು ಕೇಳಬಹುದು: ಸಾಲಾಗಿ ಜೋಡಿಸಿದ ಈ ಎರಡು ಬಲ್ಬ್‌ಗಳಲ್ಲಿ ಯಾವುದು ಜಾಸ್ತಿ ಬೆಳಗುತ್ತದೆ? ಬ್ಯಾಟರಿಗೆ ಹತ್ತಿರ ಇರುವುದೇ ಎಂದು ತುಂಬಾ ಮಕ್ಕಳು ಹೇಳುತ್ತಾರೆ. ಕರೆಂಟ್ ಮೊದಲ ಬಲ್ಬಿನಲ್ಲೇ ಸ್ವಲ್ಪ ಖರ್ಚಾಗಿಬಿಡುತ್ತದೆ ಎಂಬ ತಪ್ಪು ಕಲ್ಪನೆ ಅವರಲ್ಲಿರುತ್ತದೆ. ಉತ್ತರವನ್ನು ಬರೆದುಕೊಳ್ಳಿ, ಪಕ್ಕದವರ ಜೊತೆ ವಾದ ಮಾಡಿ ಎಂದು ಹೇಳಿ, ಆಮೇಲೆ ಬಟನ್ ಒತ್ತಿದರೆ? ಒಂದೇ ತರಹದ ಎರಡೂ ಬಲ್ಬ್‌ಗಳು ಒಂದೇ ಸಮ ಬೆಳಗುತ್ತವೆ. ಆಗ ತರಗತಿಯಲ್ಲಿ ಏಳುವ ಗದ್ದಲ ಪಾಠದ್ದೇ ಗದ್ದಲ. ಸಿಮ್ಯುಲೇಶನ್ ಎರಡೂ ಸಲ ಒಂದೇ. ಕಲಿಕೆಯನ್ನು ಹುಟ್ಟಿಸಿದ್ದು ಆ ಪ್ರಶ್ನೆ, ಆ ಪ್ರಶ್ನೆ ಹುಟ್ಟಿದ್ದು ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಶಿಕ್ಷಕರಿಗೆ ಗೊತ್ತಿದ್ದರಿಂದ. ಆ್ಯಪ್‌ನ ಬಟನ್ ಪರಿಚಯ ಮಾಡಿಸುವ ತರಬೇತಿಯಲ್ಲಿ ಇದು ಸಿಗುವುದಿಲ್ಲ.

ಹಲವು ದೇಶಗಳು ಸೇರಿ ಕಟ್ಟಿಕೊಂಡ ಆರ್ಥಿಕ ಸಹಕಾರ ಸಂಘಟನೆ ಒಇಸಿಡಿ. ಶಿಕ್ಷಕರ ಬಗ್ಗೆ ಅದು ನಡೆಸುವ ಟಾಲಿಸ್ ಸಮೀಕ್ಷೆಯಲ್ಲಿ 2018ರಲ್ಲಿ ಶಿಕ್ಷಕರನ್ನೇ ಕೇಳಿದ್ದರು. ಪಾಠಕ್ಕೆ ತಂತ್ರಜ್ಞಾನ ಬಳಸುವುದನ್ನು ತಮ್ಮ ಶಿಕ್ಷಕ ಶಿಕ್ಷಣದಲ್ಲಿ ಕಲಿಸಿದ್ದರು ಎಂದವರು ಸರಾಸರಿ 56 ಶೇಕಡಾ. ಓದು ಮುಗಿಸಿ ಬರುವಾಗ ಅದಕ್ಕೆ ಚೆನ್ನಾಗಿ ತಯಾರಾಗಿದ್ದೆವು ಎಂದವರು 43 ಶೇಕಡಾ ಮಾತ್ರ. ಇದು ಬಹುಪಾಲು ಶ್ರೀಮಂತ ದೇಶಗಳ ಲೆಕ್ಕ ಎನ್ನುವುದನ್ನು ನೆನಪಿಡಿ.

ಸಾಮಗ್ರಿ ಹೆಚ್ಚಾದರೂ ಕಷ್ಟವೇ

ಸಂಪನ್ಮೂಲ ಕೊರತೆ ಎಂಬ ಮಾತು ಈಗ ಪೂರ್ತಿ ನಿಜವಲ್ಲ. ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು 2002ರಲ್ಲಿ ಯುನೆಸ್ಕೊ ಸಭೆಯಲ್ಲಿ ಹುಟ್ಟಿತು. 2019ರಲ್ಲಿ ಯುನೆಸ್ಕೊ ಅದರ ಬಗ್ಗೆ ಸದಸ್ಯ ದೇಶಗಳಿಗೆ ಶಿಫಾರಸನ್ನೇ ಅಂಗೀಕರಿಸಿತು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಪಾಠ, ಚಿತ್ರ, ವಿಡಿಯೊಗಳು ಈಗ ರಾಶಿ ರಾಶಿ ಇವೆ. ಕಷ್ಟ ಶುರುವಾಗುವುದು ಅಲ್ಲಿಯೇ. ನಾಳೆ ಬೆಳಗ್ಗೆ ಎರಡನೇ ಪೀರಿಯಡ್‌ನಲ್ಲಿ ದ್ಯುತಿಸಂಶ್ಲೇಷಣೆ ಕಲಿಸಬೇಕಾದ ಶಿಕ್ಷಕರಿಗೆ ಸಾವಿರ ವಿಡಿಯೊ ಬೇಡ. ಮಕ್ಕಳ ಭಾಷೆಯಲ್ಲಿರುವ, ತಪ್ಪಿಲ್ಲದ, ನಾಲ್ಕು ನಿಮಿಷದ ಒಂದು ವಿಡಿಯೊ ಬೇಕು. ಅದನ್ನು ಹುಡುಕಲು ರಾತ್ರಿ ಒಂದೂವರೆ ಗಂಟೆ ಕೂರಬೇಕು ಎಂದರೆ ಯಾರು ಕೂರುತ್ತಾರೆ? ಕೂರುವವರು ಇದ್ದಾರೆ, ಅವರಿಗೆ ನನ್ನ ನಮಸ್ಕಾರ. ಆದರೆ ವ್ಯವಸ್ಥೆ ಅವರ ನಿದ್ದೆಯ ಮೇಲೆ ನಿಲ್ಲಬಾರದು.

ಭಾಷೆಯ ಮಾತು ಸಣ್ಣದಲ್ಲ. ಕೀನ್ಯಾದಲ್ಲಿ ಪಠ್ಯಪುಸ್ತಕ ಹಂಚಿ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಲಾಭ ಆದದ್ದು ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ. ಪುಸ್ತಕಗಳಿದ್ದದ್ದು ಇಂಗ್ಲಿಷಿನಲ್ಲಿ, ತುಂಬಾ ಮಕ್ಕಳಿಗೆ ಅದು ಮೂರನೇ ಭಾಷೆ. ಅದೇ ದೇಶದಲ್ಲಿ 178 ಶಾಲೆಗಳಲ್ಲಿ ಗೋಡೆಗೆ ತೂಗುಹಾಕುವ ಚಾರ್ಟ್‌ಗಳನ್ನು ಪರೀಕ್ಷಿಸಿದಾಗ ಪರೀಕ್ಷೆಯ ಅಂಕಗಳಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಡಿಜಿಟಲ್ ಸಾಮಗ್ರಿಗೂ ಇದೇ ಅನ್ವಯ. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ, ಪಾಠದ ಹರಿವಿನಲ್ಲಿ ಜಾಗವೇ ಇಲ್ಲದೆ ಬಂದದ್ದು ಕಾಗದದ ಮೇಲಿದ್ದರೂ ಅಷ್ಟೇ, ಪರದೆಯ ಮೇಲಿದ್ದರೂ ಅಷ್ಟೇ.

ಹಾಗಾಗಿ ಶಿಕ್ಷಕರಿಗೆ ಸಂಪನ್ಮೂಲ ಒದಗಿಸುವವರ ದೊಡ್ಡ ಕೆಲಸ ಆರಿಸಿ ಕೊಡುವುದು. ಪಠ್ಯಪುಸ್ತಕದ ಪ್ರತಿ ಪಾಠಕ್ಕೂ ಎರಡು ಮೂರು ಒಳ್ಳೆಯ ಸಾಮಗ್ರಿ, ಜೊತೆಗೆ ಎಲ್ಲಿ ನಿಲ್ಲಿಸಬೇಕು, ಏನು ಕೇಳಬೇಕು ಎಂಬ ಅರ್ಧ ಪುಟದ ಟಿಪ್ಪಣಿ. ಇದನ್ನು ಮಾಡಬೇಕಾದವರು ಅದೇ ಪಾಠವನ್ನು ಹತ್ತಾರು ಸಲ ಮಾಡಿದ ಶಿಕ್ಷಕರು. ಅವರಿಗೆ ಅದಕ್ಕೆ ಬೇರೆ ಕೆಲಸದಿಂದ ಬಿಡುವು ಕೊಡಬೇಕು, ಕೆಲಸದ ಮೇಲೆ ಅವರ ಹೆಸರು ಇರಬೇಕು.

ಶಿಕ್ಷಕರನ್ನು ಜೊತೆಗೇ ಇಟ್ಟುಕೊಂಡು ತಂತ್ರಜ್ಞಾನ ಏನು ಮಾಡಬಹುದು ಎನ್ನುವುದಕ್ಕೆ ಉರುಗ್ವೆಯ ಇಂಗ್ಲಿಷ್ ಕಾರ್ಯಕ್ರಮ ನನಗೆ ಬಹಳ ಇಷ್ಟವಾದ ಉದಾಹರಣೆ. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಶಿಕ್ಷಕರು ಸಾಕಷ್ಟು ಇರಲಿಲ್ಲ. 2012ರಿಂದ ವಿಡಿಯೊ ಕಾನ್ಫರೆನ್ಸ್ ಮೂಲಕ ದೂರದ ಒಬ್ಬ ಇಂಗ್ಲಿಷ್ ಶಿಕ್ಷಕರು ವಾರಕ್ಕೆ ಒಂದು ಪಾಠ ಮಾಡುತ್ತಾರೆ. ವಾರದ ಉಳಿದ ಎರಡು ಪಾಠ ಮಾಡುವವರು ತರಗತಿಯ ಶಿಕ್ಷಕರೇ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಮಕ್ಕಳ ಜೊತೆಗೇ ಕಲಿಯುತ್ತಾರೆ. ಇಬ್ಬರೂ ಸೇರಿ ಮುಂಚೆ ಯೋಜನೆ ಹಾಕಿಕೊಳ್ಳುತ್ತಾರೆ. ಪರದೆಯ ಮೇಲಿರುವವರಿಗೆ ಭಾಷೆ ಗೊತ್ತು, ತರಗತಿಯಲ್ಲಿರುವವರಿಗೆ ಮಕ್ಕಳು ಗೊತ್ತು. ಇದಕ್ಕೂ ಬಹಳ ಮೊದಲು, 1970ರ ದಶಕದಲ್ಲಿ, ನಿಕರಾಗುವಾದಲ್ಲಿ ರೇಡಿಯೊದಿಂದ ಗಣಿತ ಕಲಿಸಿದಾಗಲೂ ಹೀಗೆಯೇ. ರೇಡಿಯೊ ಪ್ರಶ್ನೆ ಕೇಳಿ ನಿಲ್ಲುತ್ತಿತ್ತು, ಮಕ್ಕಳು ಒಟ್ಟಾಗಿ ಉತ್ತರಿಸುತ್ತಿದ್ದರು, ಕಾರ್ಯಕ್ರಮ ಮುಗಿದ ಮೇಲೆ ಶಿಕ್ಷಕರು ಪಾಠ ಮುಂದುವರಿಸುತ್ತಿದ್ದರು. ಆ ಮಕ್ಕಳು ಗಣಿತದಲ್ಲಿ ಚೆನ್ನಾಗಿ ಮುಂದೆ ಬಂದರು.

ಸಮಯವನ್ನು ತಿನ್ನುವ ತಂತ್ರಜ್ಞಾನ

ಶಾಲೆಗೆ ಬಂದ ಎಲ್ಲ ತಂತ್ರಜ್ಞಾನವೂ ಕಲಿಕೆಗಾಗಿ ಬಂದದ್ದಲ್ಲ. ಹಾಜರಿಗೆ ಒಂದು ಆ್ಯಪ್, ಅಂಕಗಳಿಗೆ ಇನ್ನೊಂದು, ಸಮೀಕ್ಷೆಗೆ ಮತ್ತೊಂದು, ಕಾರ್ಯಕ್ರಮ ನಡೆದದ್ದಕ್ಕೆ ಫೋಟೊ ಹಾಕಲು ಇನ್ನೊಂದು. ಒಂದೇ ಮಾಹಿತಿಯನ್ನು ನಾಲ್ಕು ಕಡೆ ತುಂಬಬೇಕು. ಹೀಗೆ ಶಿಕ್ಷಕರ ದಿನದಿಂದ ತಂತ್ರಜ್ಞಾನ ಕಿತ್ತುಕೊಂಡ ಸಮಯವನ್ನು ಯಾರೂ ಲೆಕ್ಕ ಇಡುವುದಿಲ್ಲ. ಪಾಠಕ್ಕೆ ತಂತ್ರಜ್ಞಾನ ಬಳಸಿ ಎಂದು ಅದೇ ಶಿಕ್ಷಕರನ್ನು ಕೇಳುವ ಮೊದಲು, ಯಾವ ಆ್ಯಪ್ ಮುಚ್ಚಬಹುದು ಎಂದು ಇಲಾಖೆಗಳು ಕೂತು ನೋಡಬೇಕು. ಹೊಸದೊಂದು ತರುವುದಾದರೆ ಹಳೆಯದೊಂದನ್ನು ತೆಗೆಯಬೇಕು ಎಂಬ ನಿಯಮ ಬಂದರೆ ಎಷ್ಟು ಚೆನ್ನ!

ಸಮಯದ ಮಾತು ಬಂದಾಗ ಎಐ, ಅಂದರೆ ಕೃತಕ ಬುದ್ಧಿಮತ್ತೆಯ ವಿಷಯ ಬಿಡಲಾಗದು. ಇಂಗ್ಲೆಂಡಿನಲ್ಲಿ ವಿಜ್ಞಾನ ಶಿಕ್ಷಕರ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಚಾಟ್‌ಜಿಪಿಟಿಯನ್ನು ಒಂದು ಮಾರ್ಗದರ್ಶಿ ಪುಸ್ತಿಕೆಯ ಜೊತೆ ಬಳಸಿದವರಿಗೆ ಪಾಠ ತಯಾರಿಯ ಸಮಯ 31 ಶೇಕಡಾ ಕಡಿಮೆಯಾಯಿತು, ಅಂದರೆ ವಾರಕ್ಕೆ ಸುಮಾರು 25 ನಿಮಿಷ. ತಯಾರಾದ ಪಾಠಗಳನ್ನು ಪರಿಶೀಲಿಸಿದ ತಜ್ಞರಿಗೆ ಗುಣಮಟ್ಟ ಕುಸಿದದ್ದೂ ಕಾಣಲಿಲ್ಲ. ಇದು ಒಳ್ಳೆಯ ಸುದ್ದಿ, ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಎರಡು ಅಂಶ ಗಮನಿಸಿ. ಆ ಶಿಕ್ಷಕರಿಗೆ ಉಪಕರಣದ ಜೊತೆ ಅದನ್ನು ಹೇಗೆ ಬಳಸಬೇಕೆಂಬ ದಾರಿಯೂ ಸಿಕ್ಕಿತ್ತು. ಮತ್ತೆ, ಅವರು ತಮ್ಮ ವಿಷಯ ಬಲ್ಲವರು, ಎಐ ತಪ್ಪು ಬರೆದರೆ ಹಿಡಿಯಬಲ್ಲವರು. ವಿಷಯದಲ್ಲಿ ಹಿಡಿತ ಇಲ್ಲದ ಕಡೆ, ಎಐ ಇನ್ನೂ ಸರಿಯಾಗಿ ಕಲಿಯದ ಭಾಷೆಯಲ್ಲಿ, ಅದೇ ಉಪಕರಣ ತಪ್ಪನ್ನು ನೇರವಾಗಿ ಕರಿಹಲಗೆಗೆ ತರಬಲ್ಲದು. ಮಕ್ಕಳ ಹೆಸರು, ಅಂಕ, ಮನೆಯ ವಿವರಗಳನ್ನು ಅದರೊಳಗೆ ಹಾಕಬಾರದು ಎಂಬುದನ್ನೂ ಯಾರಾದರೂ ಶಿಕ್ಷಕರಿಗೆ ಸ್ಪಷ್ಟವಾಗಿ ಹೇಳಿಕೊಡಬೇಕು. ಯುನೆಸ್ಕೊ 2024ರಲ್ಲಿ ಶಿಕ್ಷಕರಿಗಾಗಿ ಎಐ ಸಾಮರ್ಥ್ಯ ಚೌಕಟ್ಟು ಹೊರತಂದಿದೆ. ಚೌಕಟ್ಟು ಕಡತದಲ್ಲಿ ಉಳಿಯದೆ ತರಗತಿಗೆ ಬರಬೇಕಾದರೆ ಮತ್ತೆ ಅದೇ ಸಮಯ, ಅದೇ ಮಾರ್ಗದರ್ಶಕರು ಬೇಕು.

ಕೊನೆಯದಾಗಿ ಖರೀದಿ. ಯುನೆಸ್ಕೊದ 2023ರ ಜಾಗತಿಕ ಶಿಕ್ಷಣ ವರದಿ ಪೂರ್ತಿ ತಂತ್ರಜ್ಞಾನದ ಬಗ್ಗೆಯೇ ಇತ್ತು. ಶಿಕ್ಷಣ ತಂತ್ರಜ್ಞಾನದ ಉತ್ಪನ್ನಗಳು ಸರಾಸರಿ 36 ತಿಂಗಳಿಗೊಮ್ಮೆ ಬದಲಾಗುತ್ತವೆ ಎಂದು ಅದು ಹೇಳಿತು. ಪುರಾವೆ ಕೂಡಿಸುವಷ್ಟರಲ್ಲಿ ವಸ್ತುವೇ ಬದಲಾಗಿರುತ್ತದೆ. ಅಮೆರಿಕದ 17 ರಾಜ್ಯಗಳ ಶಿಕ್ಷಕರು ಮತ್ತು ಆಡಳಿತಗಾರರಲ್ಲಿ, ಕೊಳ್ಳುವ ಮೊದಲು ತಜ್ಞರು ಒಪ್ಪಿದ ಪುರಾವೆ ಕೇಳಿದವರು ಬರೀ 11 ಶೇಕಡಾ. ಅದೇ ದೇಶದಲ್ಲಿ ದುಡ್ಡು ಕೊಟ್ಟು ತಂದ ಶೈಕ್ಷಣಿಕ ತಂತ್ರಾಂಶ ಪರವಾನಗಿಗಳಲ್ಲಿ ಸರಾಸರಿ 67 ಶೇಕಡಾ ಬಳಕೆಯೇ ಆಗಿರಲಿಲ್ಲ. ಈ ವ್ಯರ್ಥ ತಪ್ಪಿಸಲು ಸುಲಭದ ದಾರಿ ಇದೆ. ಬೇರೆ ಬೇರೆ ರೀತಿಯ ಕೆಲವು ಶಾಲೆಗಳನ್ನು ಆರಿಸಿ, ಹೊಸದಕ್ಕೆ ಮುನ್ನುಗ್ಗುವವರ ಜೊತೆ ಹಿಂಜರಿಯುವವರನ್ನೂ ಸೇರಿಸಿ, ಒಂದು ಪೂರ್ತಿ ಅವಧಿ ಉಪಕರಣವನ್ನು ತರಗತಿಯಲ್ಲಿ ಬಳಸಲು ಬಿಡಬೇಕು. ಎಷ್ಟು ಸಲ ಕೈಕೊಟ್ಟಿತು, ಯಾವ ಪಾಠಕ್ಕೆ ಒದಗಿತು, ಯಾವುದಕ್ಕೆ ಅಡ್ಡಿಯಾಯಿತು ಎಂದು ಅವರು ಬರೆದುಕೊಟ್ಟದ್ದು ಟೆಂಡರ್ ಕಡತದೊಳಗೆ, ಬೆಲೆಪಟ್ಟಿಯ ಪಕ್ಕದಲ್ಲೇ ಇರಬೇಕು. ಇದು ಬೇಡ ಎಂದು ಶಿಕ್ಷಕರು ಬರೆದಿದ್ದರೆ, ಆದರೂ ಕೊಳ್ಳುವ ಅಧಿಕಾರಿ ಅದಕ್ಕೆ ಕಾರಣವನ್ನು ಅದೇ ಕಡತದಲ್ಲಿ ಬರೆದು ಸಹಿ ಹಾಕಬೇಕು.